ಶುಂಠಿ ಕೀಳಿಸಿದ ಅರ್ಜಿ

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ: ಆ ಅರ್ಜಿಯಲ್ಲಿ ತರ್ಕದ ತಪ್ಪು ಒಂದೂ ಇರಲಿಲ್ಲ. ಈಗಲೂ ಯಾರಾದರೂ ಎದುರಿಗೆ ಕೂತು ಅದರ ಒಂದೊಂದು ವಾಕ್ಯವನ್ನೂ ಹಿಡಿದು ಜಗ್ಗಲಿ, ಒಂದೂ ಅಲ್ಲಾಡುವುದಿಲ್ಲ. ನನ್ನನ್ನು ಹೆದರಿಸುವುದು ಅದೇ. ತಪ್ಪಿದ್ದಿದ್ದರೆ ತಿದ್ದಬಹುದಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಸಾಗರದಲ್ಲಿ ಅಕ್ಕನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಓದಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಜಿಲ್ಲೆಯ ಯಾವ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದ್ದರೂ ಬಸ್ಸು ಹತ್ತುತ್ತಿದ್ದೆ. ಪರವೋ ವಿರೋಧವೋ ಎಂಬುದನ್ನು ಅಲ್ಲಿಗೆ ಹೋದ ಮೇಲೆ ಕೇಳಿಕೊಂಡರೂ ನಡೆಯುತ್ತಿತ್ತು. ತೀರ್ಥಹಳ್ಳಿಯಲ್ಲಿ ಒಮ್ಮೆ ಬೆಳಿಗ್ಗೆ ಒಂದು ವಿಷಯದ ಪರವಾಗಿ ಮಾತಾಡಿ, ಮಧ್ಯಾಹ್ನದ ಸುತ್ತಿನಲ್ಲಿ ಅದೇ ವಿಷಯದ ವಿರುದ್ಧ ಮಾತಾಡಿ, ಎರಡಕ್ಕೂ ಬಹುಮಾನ ತಂದಿದ್ದೆ. ಬಹುಮಾನ ಎಂದರೆ ಸ್ಟೀಲಿನ ಲೋಟ. "ನಮ್ಮನೇಲಿ ಲೋಟ ಕೊಳ್ಳೋದೇ ಇಲ್ಲ, ತಮ್ಮ ಜಗಳ ಮಾಡಿ ತರ್ತಾನೆ" ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕನ ಮನೆ ಎಂದೆ, ಅದು ಬಾಡಿಗೆಯದು. ಮದುವೆಯಾಗಿ ಏಳು ವರ್ಷದಲ್ಲಿ ನಾಲ್ಕನೆಯದು. ಪ್ರತಿಸಲವೂ ಮನೆಯ ಮಾಲೀಕರಿಗೆ ಮಗನ ಮದುವೆಯೋ ಮತ್ತೊಂದೋ ಬರುತ್ತಿತ್ತು, ಅಕ್ಕ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಭಾವ ಅದಕ್ಕೂ ಮುಂಚೆ ಒಮ್ಮೆ ಎದ್ದವರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಅವರ ಅಪ್ಪನ ಮನೆ, ಗದ್ದೆ, ಹಿತ್ತಿಲು ಎಲ್ಲ ಅಡಿಗೆ ಹೋದವು. ಬದಲಿಗೆ ತೋರಿಸಿದ ಜಾಗ ಅಣ್ಣಂದಿರಿಗೇ ಸಾಲಲಿಲ್ಲ. ಭಾವ ಸಾಗರಕ್ಕೆ ಬಂದು ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಹಿಡಿದಿದ್ದರು. ತಮ್ಮದೇ ಒಂದು ಸಣ್ಣ ಗಿರಣಿ, ಅದರ ಹಿಂದೆ ಯಾರೂ ಎಬ್ಬಿಸಲಾಗದ ಎರಡು ಕೋಣೆ: ಗಂಡ ಹೆಂಡತಿಗೆ ಬೇಕಿದ್ದುದು ಇಷ್ಟೇ. ಹೊಸನಗರದ ಕಡೆ ಹೋಗುವ ರಸ್ತೆಯಲ್ಲಿ ಎಂಟು ಹತ್ತು ಹಳ್ಳಿಗೆ ಒಂದೂ ಗಿರಣಿ ಇರಲಿಲ್ಲ. ಜನ ಭತ್ತದ ಮೂಟೆಯನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ಪೇಟೆಗೆ ಹೋಗುತ್ತಿದ್ದರು. ಭಾವನ ಕಣ್ಣು ಆ ರಸ್ತೆಯ ಮೇಲಿತ್ತು.

ಮೊದಲು ಒಂದು ಗದ್ದೆಯ ತುಂಡು ನೋಡಿದರು. ಪತ್ರ ಬರೆಯುವವರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ನೀವು ಸಾಗುವಳಿದಾರರು ಅನ್ನೋದಕ್ಕೆ ಪಹಣಿ ಇದೆಯಾ?"

"ಇತ್ತು ಸ್ವಾಮಿ. ಆ ಗದ್ದೆ ಈಗ ತೋರಿಸ್ಬೇಕಂದ್ರೆ ಮುಳುಗು ಹಾಕ್ಬೇಕು" ಎಂದರು ಭಾವ.

ಪತ್ರ ಬರೆಯುವವರು ನಕ್ಕರು, ಆದರೆ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಭೂಸುಧಾರಣೆಯ ಕಾನೂನು ಬಿಗಿಯಾಗಿದ್ದ ಕಾಲ. ಸಾಗುವಳಿ ಮಾಡದವನು ಸಾಗುವಳಿಯ ಜಮೀನು ಕೊಳ್ಳುವ ಹಾಗಿಲ್ಲ. ಗೇಣಿದಾರರಿಗೆ ನೆಲ ಕೊಡಿಸಿದ ಕಾನೂನು ಅದು, ನಾನೇ ಎಷ್ಟೋ ವೇದಿಕೆಯಲ್ಲಿ ಹೊಗಳಿದ್ದೆ. ಗದ್ದೆ ನೀರಿಗೆ ಹೋದವನು ಸಾಗುವಳಿದಾರನೋ ಅಲ್ಲವೋ ಎಂಬ ಪ್ರಶ್ನೆ ಯಾವ ವೇದಿಕೆಯಲ್ಲೂ ಬಂದಿರಲಿಲ್ಲ.

ಆಗ ಸಿಕ್ಕವರು ತೋಟದ ಯಜಮಾನರು. ಭಾವ ಕೆಲಸ ಮಾಡುತ್ತಿದ್ದ ಗಿರಣಿಗೆ ಭತ್ತ ತರುತ್ತಿದ್ದವರು. ಹೊಸನಗರ ರಸ್ತೆಯ ಪಕ್ಕದ ಹಳ್ಳಿಯಲ್ಲಿ ಅಡಿಕೆ ತೋಟ. ಭಾವನನ್ನೂ ನನ್ನನ್ನೂ ಜಗಲಿಯ ಮೇಲೆ ಕೂರಿಸಿ, ಒಳಕ್ಕೆ "ಹಾಲು ಇದ್ದಾ ಇಲ್ಯಾ? ಎರಡು ಲೋಟ ಕಾಫಿ ಮಾಡು" ಎಂದು ಕೂಗಿದರು. ನಮ್ಮ ಕಡೆ ತಿರುಗಿದಾಗ ಮಾತಿನ ಧಾಟಿ ಬದಲಾಯಿತು.

"ಗದ್ದೆ ಎಂತಕ್ಕೆ ನಿಂಗೆ? ಗಿರಣಿ ಗದ್ದೇಲಿ ಇಡ್ತಾರಾ? ರಸ್ತೆ ಪಕ್ಕ ನಮ್ಮ ಬೆಟ್ಟ ಇದೆಯಲ್ಲ, ಅದರ ತುದೀಲಿ ಅರ್ಧ ಎಕರೆ ತಗೊ."

ಬೆಟ್ಟ ಎಂದರೆ ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು ತಂದು ಹಾಕಲೆಂದು ಹಿಂದಿನ ಸರಕಾರಗಳು ತೋಟಕ್ಕೆ ಇಷ್ಟು ಎಂದು ಬಿಟ್ಟುಕೊಟ್ಟ ಗುಡ್ಡ. ಸೊಪ್ಪು ತೋಟದವರದ್ದು, ನೆಲ ಸರಕಾರದ್ದು. ಈ ವಾಕ್ಯದ ಮೊದಲರ್ಧ ನಮ್ಮ ಸೀಮೆಯ ಪ್ರತಿ ಮಗುವಿಗೂ ಗೊತ್ತು. ಎರಡನೆಯ ಅರ್ಧ ದಫ್ತರದಲ್ಲಿ ಮಾತ್ರ ಇತ್ತು.

"ಬೆಟ್ಟ ಮಾರೋಕೆ ಬರ್ತದಾ ಯಜಮಾನ್ರೇ?" ಭಾವ ಕೇಳಿದರು.

"ನಮ್ಮಜ್ಜನ ಕಾಲದಿಂದ ಸೊಪ್ಪು ಕಡೀತಿದ್ದೀವಿ. ಬೇರೆಯವರು ಒಂದು ಎಲೆ ಮುಟ್ಟಿಲ್ಲ. ಮತ್ತೆ ಯಾರದ್ದು ಅದು, ನಿನ್ನದಾ? ಕಮ್ಮಾರ ಮನೆ ಕಟ್ಟಿ ಎಷ್ಟು ವರ್ಷ ಆತು? ಚಾದಂಗಡಿ? ಆರು ಮನೆ ಇದೆ ಅಲ್ಲಿ. ಯಾರನ್ನ ಯಾರು ಕೇಳಿದ್ರು?"

ಅವರು ಮೋಸಗಾರರಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಮೂರು ತಲೆಮಾರು ಒಬ್ಬನೇ ಕೈಯಾಡಿಸಿದ ಗುಡ್ಡ ಅವನದಲ್ಲದೆ ಬೇರೆಯವರದ್ದಾಗಿರಬಹುದು ಎಂಬ ಯೋಚನೆಯೇ ಅವರ ತಲೆಗೆ ಬರುವಂಥದ್ದಲ್ಲ. ಮೋಸಗಾರನಿಂದ ಕೊಂಡಿದ್ದರೆ ನಾವು ಎರಡು ಸಲ ಯೋಚಿಸುತ್ತಿದ್ದೆವು.

ಭಾವ ಸುಮ್ಮನೆ ಲೋಟ ತಿರುಗಿಸುತ್ತಿದ್ದರು. ನಾನು ಬಾಯಿ ಹಾಕಿದೆ.

"ಭಾವ, ಸಾಗುವಳಿ ಜಮೀನಿಗೆ ಇರೋ ಕಾನೂನು ಸಾಗುವಳಿ ಇಲ್ಲದ ಜಾಗಕ್ಕೆ ಹೆಂಗೆ ಹತ್ತುತ್ತೆ? ಇಲ್ಲಿ ಉಳೋದಿಲ್ಲ, ಬಿತ್ತೋದಿಲ್ಲ. ಉಳದೇ ಇರೋ ನೆಲ ಕೊಳ್ಳೋಕೆ ಉಳೋನೇ ಆಗಿರ್ಬೇಕು ಅಂದ್ರೆ ಅದಕ್ಕೆ ಅರ್ಥ ಇದೆಯಾ?"

"ಹುಡುಗ ಜೋರಿದ್ದಾನೆ" ಎಂದರು ಯಜಮಾನರು.

"ಮಾತಿಗೆ ಜೋರು. ಸೌದೆ ಒಡಿ ಅಂದ್ರೆ ಕೈ ನೋವು" ಎಂದರು ಭಾವ. ಆದರೆ ನಕ್ಕರು. ನಕ್ಕದ್ದು ನೋಡಿ ಗೆದ್ದೆ ಎಂದು ನನಗೆ ಗೊತ್ತಾಯಿತು.

ಎಲೆ ಅಡಿಕೆ ಕೊಟ್ಟು ಮಾತು ಕಟ್ಟಿದರು. ಯಜಮಾನರೇ ಕತ್ತಿ ಹಿಡಿದು ಮುಂದೆ ನಡೆದು, ಗಡಿಯ ಮರಗಳಿಗೆ ಒಂದೊಂದು ಕಚ್ಚು ಹಾಕುತ್ತ ಹೋದರು. ಸೊಪ್ಪು ಕಡಿಯುವ ಹಕ್ಕು ಮಾತ್ರ ತಮ್ಮದೇ ಎಂದರು, ಭಾವ ತಲೆಯಾಡಿಸಿದರು. ಬಿಳಿ ಕಾಗದದ ಮೇಲೆ ಕರಾರು ಬರೆದವನು ನಾನು. ಅಕ್ಷರ ದುಂಡಗಿದೆ ಎಂದು ಯಜಮಾನರ ಹೆಂಡತಿ ಮೆಚ್ಚಿಕೊಂಡರು.

ಅಕ್ಕ ಅಲ್ಲಿಗೆ ಹೋದ ಮೊದಲ ವಾರವೇ ಶುಂಠಿಗೆ ಮಡಿ ತೆಗೆದಳು. ಎರಡು ಕೋಣೆಯ ಗೋಡೆ ಎದೆಮಟ್ಟಕ್ಕೂ ಬಂದಿರಲಿಲ್ಲ, ಸೋಗೆಯ ಚಪ್ಪರದಡಿ ಅಡಿಗೆ ನಡೆಯುತ್ತಿತ್ತು. ಆದರೂ ಮನೆಯ ಹಿಂದಿನ ಇಳಿಜಾರಿನಲ್ಲಿ ನಾಲ್ಕು ಮಡಿ ಎದ್ದವು. ಬೆಟ್ಟದ ಮಣ್ಣು, ವರ್ಷಗಟ್ಟಲೆ ಎಲೆ ಬಿದ್ದು ಕೊಳೆತ ಮಣ್ಣು. ಶುಂಠಿ ಹುಚ್ಚೆದ್ದು ಬಂತು. ಎರಡನೇ ವರ್ಷ ಆರು ಮಡಿ. ಮೂರನೇ ವರ್ಷ ಕಮ್ಮಾರನ ಹೆಂಡತಿ ಅಕ್ಕನಿಂದ ಬೀಜದ ಗೆಡ್ಡೆ ಕೇಳಿ ತೆಗೆದುಕೊಂಡು ಹೋದಳು. ಮಾರಿದ ಶುಂಠಿಯಲ್ಲಿ ಮಾಡಿನ ಹೆಂಚು ಬಂತು. ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಅಕ್ಕ ವರದಮೂಲದ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು.

"ಇಲ್ಲಿ ಒಬ್ರಾದ್ರೂ ಬಂದು ಏಳಿ ಅನ್ಲಿ ನೋಡೋಣ" ಎಂದಿದ್ದಳು ಹೊಸ ಹೊಸಿಲ ಮೇಲೆ ಕೂತು. ಹಾಗೆ ಬಾಯಿಬಿಟ್ಟು ಹೇಳಬಾರದು ಎನ್ನುತ್ತಾರೆ. ಶಕುನ ನಂಬುವವನಲ್ಲ ನಾನು; ಆವತ್ತೂ ನಂಬಲಿಲ್ಲ.

ಇನ್ನು ಗಿರಣಿ. ಗಿರಣಿಯ ಕೋಣೆಗೆ ಅಡಿಪಾಯ ಹಾಕುವ ಹೊತ್ತಿಗೆ ನಾನು ಶಿವಮೊಗ್ಗದಲ್ಲಿ ಕಾನೂನು ಓದಲು ಸೇರಿದ್ದೆ. ರಜೆಗೆ ಬಂದಾಗ ಭಾವ ಹೇಳಿದರು: ಕರೆಂಟಿನ ಆಫೀಸಿನಲ್ಲಿ ವಿಚಾರಿಸಿದೆ, ಮನೆಗಾದರೆ ಹೇಗೋ ಆಗುತ್ತದಂತೆ, ಗಿರಣಿಗೆ ಕೊಡಬೇಕೆಂದರೆ ಜಾಗವನ್ನು ಆ ಉಪಯೋಗಕ್ಕೆ ಬದಲಾಯಿಸಿದ ಆದೇಶ ತರಬೇಕಂತೆ.

"ಡೀಸೆಲ್ ಎಂಜಿನ್ ಇಟ್ಕೊಳಿ" ಎಂದ ಕಮ್ಮಾರ. ಅವನ ಕುಲುಮೆ ಎದುರಿಗೇ. "ಕೇಳೋರ್ಯಾರು? ನಾನು ಹನ್ನೆರಡು ವರ್ಷದಿಂದ ಇಲ್ಲಿ ಕಬ್ಬಿಣ ಬಡೀತಿದ್ದೀನಿ. ಇಷ್ಟು ಸದ್ದು ಮಾಡಿದ್ರೂ ಯಾರಿಗೂ ಕೇಳ್ಸಿಲ್ಲ."

ಭಾವನಿಗೂ ಅದೇ ಮನಸ್ಸಿತ್ತು. ನಾನು ಬಿಡಲಿಲ್ಲ. ಬಿಳಿ ಕಾಗದದ ಮೇಲೆ ನಿಂತ ಮನೆ ಮನೆಯೇ ಅಲ್ಲ, ಸರಕಾರದ ದಾಖಲೆಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ, ನಾಳೆ ಯಜಮಾನರ ಮಗ ತಕರಾರು ತೆಗೆದರೆ ನಿಮ್ಮ ಕೈಯಲ್ಲಿ ಏನಿದೆ, ಎಂದು ಒಂದೊಂದಾಗಿ ಇಟ್ಟೆ. ಕಾನೂನಿನ ವಿದ್ಯಾರ್ಥಿಗೆ ಇದಕ್ಕಿಂತ ಸರಿಯಾದ ಮಾತು ಯಾವುದಿದೆ? ಈಗಲೂ ಬೇರೆ ಯಾರಾದರೂ ಕೇಳಿದರೆ ನಾನು ಇದೇ ಸಲಹೆ ಕೊಡಬೇಕಾಗುತ್ತದೆ.

ಅರಳಸುರಳಿಯಲ್ಲಿ ನಮ್ಮ ದೂರದ ನೆಂಟರೊಬ್ಬರಿದ್ದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅರ್ಜಿಯ ಕರಡು ತೋರಿಸಿಕೊಂಡು ಬರಲು ಅಕ್ಕ ನನ್ನನ್ನು ಕಳಿಸಿದಳು. ಅವರು ಕರಡನ್ನು ಎರಡು ಸಲ ಓದಿ, ಮಡಿಚಿ, ತೊಡೆಯ ಮೇಲಿಟ್ಟುಕೊಂಡರು.

"ಚೆನ್ನಾಗಿ ಬರೆದಿದ್ದೀಯ. ಕೊಡಬೇಡ."

"ಯಾಕೆ?"

"ನೋಡು ಮಗ, ಬೆಟ್ಟದ ಮೇಲೆ ಮನೆ ಎದ್ದಿರೋದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಕಾಗದ ಬರೋ ತನಕ ಯಾರಿಗೂ ಗೊತ್ತಿಲ್ಲ. ನೀನು ಇದನ್ನ ಕೊಟ್ಟ ದಿನ ಅವರಿಗೆ ಗೊತ್ತಾಗ್ತದೆ. ಗೊತ್ತಾದ ಮೇಲೆ ಸುಮ್ಮನೆ ಕೂರೋ ಹಕ್ಕು ಅವರಿಗಿಲ್ಲ. ಒಳ್ಳೆಯವರಿರ್ಲಿ, ಕೆಟ್ಟವರಿರ್ಲಿ, ಕೂರೋ ಹಂಗಿಲ್ಲ."

"ಹಾಗಾದ್ರೆ ನೀವು ಮೂವತ್ತು ವರ್ಷ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಸಂಬಳ ತಗೊಂಡ್ರಾ ಚಿಕ್ಕಪ್ಪ?"

ಅವರಿಗೆ ಸಿಟ್ಟು ಬರಲಿಲ್ಲ. ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗುಳಿ ಬಂದು ಕೂತರು. "ಅಲ್ಲಿ ಎಂತಾದ್ರೂ ಬೆಳೆದಿದ್ದೀರಾ?" ಎಂದು ಕೇಳಿದರು.

"ಅಕ್ಕ ಸ್ವಲ್ಪ ಶುಂಠಿ..."

"ಹೌದಾ? ಎಷ್ಟು ವರ್ಷದಿಂದ? ಹಂಗಾದ್ರೆ ಮೊದಲು ಅದನ್ನ..."

"ಅದನ್ನ ಹೇಳೋ ಹಾಗೇ ಇಲ್ಲ ಚಿಕ್ಕಪ್ಪ" ಎಂದೆ. "ಸಾಗುವಳಿ ಇದೆ ಅಂದ್ರೆ ಸಾಗುವಳಿ ಜಮೀನಾಗುತ್ತೆ, ಭಾವನಿಗೆ ಕೊಳ್ಳೋ ಹಕ್ಕೇ ಹೋಗುತ್ತೆ. ನಮ್ಮ ಇಡೀ ವಾದ ನಿಂತಿರೋದೇ ಅಲ್ಲಿ ಯಾವತ್ತೂ ಸಾಗುವಳಿ ಆಗಿಲ್ಲ ಅನ್ನೋದರ ಮೇಲೆ." ಅಲ್ಲಿಂದ ಶುರುವಾದವನು ಒಂದು ಗಳಿಗೆ ನಿಲ್ಲಲಿಲ್ಲ. ಎದುರಾಳಿ ಉಸಿರು ತೆಗೆದುಕೊಳ್ಳುವಾಗಲೇ ಅವನ ಮಾತನ್ನು ಮುಗಿಸಿಬಿಡುವುದು ನಾನು ವೇದಿಕೆಯಲ್ಲಿ ಕಲಿತ ಕೈಚಳಕ. ಮುಗಿಸಿ ನೋಡಿದರೆ ಅವರು ನನ್ನನ್ನೇ ನೋಡುತ್ತಿದ್ದರು, ಕಾಯಿಲೆಯವರನ್ನು ನೋಡುವ ಹಾಗೆ. ಕರಡು ಹಿಂದಕ್ಕೆ ಕೊಟ್ಟು, "ಐದಕ್ಕೆ ಬಸ್ಸಿದೆ" ಎಂದರು.

ಅವರು ಹೇಳಹೊರಟದ್ದು ಏನೆಂದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ, ಬೇರೆಯವರ ಬಾಯಿಂದ.

ಅರ್ಜಿಯ ಮೂರನೇ ಪ್ಯಾರಾದಲ್ಲಿ ಬರೆದೆ: "ಸದರಿ ಜಾಗದಲ್ಲಿ ಯಾವ ಕಾಲದಲ್ಲೂ ಯಾವುದೇ ಬಗೆಯ ಸಾಗುವಳಿ ನಡೆದಿರುವುದಿಲ್ಲ." ಭಾವ ಅರ್ಜಿದಾರರಾಗಿ ರುಜು ಹಾಕಿದರು. ಬರೆದವನೆಂದು ಕೆಳಗೆ ನಾನು ಹಾಕಿದೆ, ಕಾನೂನು ವಿದ್ಯಾರ್ಥಿ ಎಂದೂ ಸೇರಿಸಿದೆ. ಯಾರೂ ಅದನ್ನು ಕೇಳಿರಲಿಲ್ಲ.

ಭಾದ್ರಪದದಲ್ಲಿ ಸ್ಥಳ ತನಿಖೆಗೆ ಬರುವುದಾಗಿ ಕಾಗದ ಬಂತು. ನಾನು ಶಿವಮೊಗ್ಗದಿಂದ ಹಿಂದಿನ ದಿನವೇ ಬಂದೆ. ಬಸ್ಸಿಳಿದು ಬರುವಾಗ ಮನೆಯ ಹಿಂದಿನ ಇಳಿಜಾರು ಕಂಡಿತು. ಮಂಡಿಯೆತ್ತರದ ಹಸಿರು, ಆರು ಮಡಿ, ಗೆರೆ ಎಳೆದ ಹಾಗೆ. ಮೂರನೇ ಪ್ಯಾರಾವನ್ನು ಸುಳ್ಳು ಮಾಡಲು ಅಷ್ಟು ಸಾಕಿತ್ತು.

"ಅಕ್ಕ, ಇದನ್ನ ಇವತ್ತು ಕೀಳ್ಬೇಕು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಎಂತದು? ಶುಂಠಿಯಾ? ಬಲಿದೇ ಇಲ್ವಲ್ಲೋ. ಇನ್ನೂ ಮೂರು ತಿಂಗಳಿದೆ."

"ಬಲಿಯೋ ತನಕ ತನಿಖೆಯವರು ಕಾಯ್ತಾರಾ?"

"ಒಂದು ಮಡಿ ಇದ್ರೆ ಎಂತ ಆಗ್ತದೆ? ಮನೆ ಅಂದ್ಮೇಲೆ ಹಿತ್ಲು ಇರೋದಿಲ್ವಾ?"

"ಒಂದು ಮಡಿಯಿದ್ರೂ ಸಾಗುವಳಿಯೇ. ನಿಂಗೆ ಶುಂಠಿ ಬೇಕೋ ಗಿರಣಿ ಬೇಕೋ?"

ಅವಳು ಭಾವನ ಮುಖ ನೋಡಿದಳು. ಭಾವ, "ಓದಿದವ ಹೇಳ್ತಿದ್ದಾನೆ" ಎಂದರು. ಆ ಮಾತನ್ನು ಅವರು ವ್ಯಂಗ್ಯವಾಗಿ ಹೇಳಿದ್ದರೆ ನಾನು ಒಂದು ಗಳಿಗೆ ನಿಲ್ಲುತ್ತಿದ್ದೆನೋ ಏನೋ. ವ್ಯಂಗ್ಯ ಇರಲಿಲ್ಲ.

ಅಕ್ಕನೇ ಕಿತ್ತಳು. ನಮ್ಮಿಬ್ಬರನ್ನೂ ಮಡಿಗೆ ಇಳಿಯಲು ಬಿಡಲಿಲ್ಲ. ಬುಡಕ್ಕೆ ಕೈ ಹಾಕಿ ಎಬ್ಬಿಸಿದರೆ ಎಳೆಯ ಗೆಡ್ಡೆ, ಬಿಳಿ, ಮಗುವಿನ ಬೆರಳಿನ ಹಾಗಿದ್ದದ್ದು ಮಣ್ಣಿನ ಸಮೇತ ಬರುತ್ತಿತ್ತು. ಇಡೀ ಇಳಿಜಾರಿನಲ್ಲಿ ಹಸಿ ಶುಂಠಿಯ ಘಾಟು ನಿಂತಿತು. ಕಮ್ಮಾರನ ಹೆಂಡತಿ ಬೇಲಿಯ ಹತ್ತಿರ ಬಂದು ನಿಂತಳು.

"ಎಂತದು ಅಮ್ಮ, ಈಗ್ಲೇ ಕೀಳ್ತಿದ್ದೀರಿ?"

"ಕೊಳೆ ಬಂತು" ಎಂದಳು ಅಕ್ಕ, ತಲೆಯೆತ್ತದೆ.

"ಕೊಳೆಯಾ? ಎಲೆ ಹಸಿರೇ ಇದೆಯಲ್ಲ."

ಅಕ್ಕ ಮುಂದಿನ ಬುಡಕ್ಕೆ ಕೈ ಹಾಕಿದಳು. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಿತ್ತು ಮುಗಿದ ಮೇಲೆ ಮಡಿಗಳನ್ನು ಸಮ ಮಾಡಿ, ಗುಡ್ಡದಿಂದ ಉದುರಿದ ಎಲೆ ಗುಡಿಸಿ ತಂದು ಹರಡಿದೆವು. ಅದರಲ್ಲಿ ನಾನೂ ಕೈ ಹಾಕಿದೆ. ಎಲೆ ಎಷ್ಟು ಸಹಜವಾಗಿ ಬಿದ್ದ ಹಾಗೆ ಕಾಣಬೇಕು ಎಂದು ನಾಲ್ಕಾರು ಸಲ ರಸ್ತೆಗೆ ಹೋಗಿ ನಿಂತು ನೋಡಿ ಬಂದೆ.

ಮರುದಿನ ಬಂದ ರೆವಿನ್ಯೂ ಇನ್ಸ್‌ಪೆಕ್ಟರು ಮೆತ್ತಗಿನ ಮನುಷ್ಯ. ಸರಪಳಿ ಹಿಡಿಸಿದರು, ಅಳತೆ ಬರೆದುಕೊಂಡರು, ಎಲೆ ಹರಡಿದ ಇಳಿಜಾರಿನಲ್ಲಿ ಒಂದು ಸುತ್ತು ನಡೆದರು. ಅವರ ಚಪ್ಪಲಿಯಡಿಯ ಮಣ್ಣು ಮೆತ್ತಗೆ ಕುಸಿಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಇಲ್ಲಿ ಏನೂ ಬೆಳೆಯೋದಿಲ್ವಾ?" ಎಂದು ಕೇಳಿದರು.

"ಏನೂ ಇಲ್ಲ ಸಾರ್" ಎಂದೆ.

"ಯಾವತ್ತೂ?"

"ಯಾವತ್ತೂ."

ಅವರು ಬೇರೇನೋ ಉತ್ತರಕ್ಕೆ ಕಾದವರ ಹಾಗೆ ಒಂದು ಕ್ಷಣ ನಿಂತರು ಎಂದು ಈಗ ನನಗೆ ಅನ್ನಿಸುತ್ತದೆ. ಆವತ್ತು ಅನ್ನಿಸಲಿಲ್ಲ. ನಕ್ಷೆ ಬಿಚ್ಚಿ ನಂಬರಿನ ಮೇಲೆ ಬೆರಳಿಟ್ಟು ನೋಡಿದರು, ಮಡಿಚಿದರು. ಕಮ್ಮಾರನನ್ನೂ ಚಾದಂಗಡಿಯವನನ್ನೂ ಕರೆದು ಮಹಜರಿಗೆ ರುಜು ಹಾಕಿಸಿದರು. ಅಕ್ಕ ಕಾಫಿ ತಂದರೆ, ಬೇಡಮ್ಮ, ಎಂದರು. ಮಜ್ಜಿಗೆ? ಬೇಡ. ಒಂದು ಲೋಟ ನೀರೂ ಕುಡಿಯದೆ ಹೋದರು. ನಮ್ಮ ಕಡೆ ಸಾವಿನ ಸುದ್ದಿ ಹೇಳಲು ಬಂದವರು ಮಾತ್ರ ಹಾಗೆ ಹೋಗುತ್ತಾರೆ. ಅಕ್ಕ ತಣ್ಣಗಾದ ಕಾಫಿ ಹಿಡಿದುಕೊಂಡು ರಸ್ತೆಯವರೆಗೂ ಹೋಗಿ ನಿಂತಿದ್ದಳು.

ಆಮೇಲೆ ಚಳಿಗಾಲ ಮುಗಿಯುವ ತನಕ ಏನೂ ಬರಲಿಲ್ಲ. ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹತ್ತುತ್ತಿತ್ತು. ಒಮ್ಮೆ ವಿಚಾರಿಸಿದಾಗ ಗುಮಾಸ್ತರು, "ಅದು ಅರಣ್ಯದವರ ಅಭಿಪ್ರಾಯಕ್ಕೆ ಹೋಗಿದೆ" ಎಂದರು. "ಅವರ್ಯಾಕೆ?" ಎಂದೆ. "ಬೆಟ್ಟ ಅಲ್ವಾ?" ಎಂದು ಅವರೇ ನನ್ನನ್ನು ಕೇಳಿದರು. ಕಾಡಿಗೆ ಹೊಸ ಕಾನೂನು ಬಂದಿತ್ತು. ಕಾಡಿನ ನೆಲವನ್ನು ಬೇರೆ ಉಪಯೋಗಕ್ಕೆ ಬದಲಾಯಿಸಲು ಇಲ್ಲಿಯ ಸರಕಾರಕ್ಕೂ ಅಧಿಕಾರ ಇಲ್ಲ, ದಿಲ್ಲಿಯ ಒಪ್ಪಿಗೆ ಬೇಕು. 'ಬಳಕೆ ಬದಲಾವಣೆ' ಎಂದು ನಾನು ಅರ್ಜಿಯ ತಲೆಬರಹದಲ್ಲೇ ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದಿದ್ದೆ.

ಬೇಸಿಗೆಯಲ್ಲಿ ಅರಣ್ಯದ ಗಾರ್ಡು ಬಂದ. ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. ಅಕ್ಕನ ಮನೆಯ ಮೂಲೆಯ ಕಲ್ಲಿಗೆ ಒಂದು ಎಂದು ಬರೆದ. ಆಮೇಲೆ ರಸ್ತೆ ದಾಟಿ ಕಮ್ಮಾರನ ಗೋಡೆಗೆ ಎರಡು. ಚಾದಂಗಡಿಗೆ ಮೂರು. ಏಳರ ತನಕ ಬರೆದು, ಡಬ್ಬಿ ಮುಚ್ಚಿ, ಚಾದಂಗಡಿಯಲ್ಲೇ ಚಾ ಕುಡಿದು ಹೋದ. ಯಾರೂ ಅವನನ್ನು ತಡೆಯಲಿಲ್ಲ. ಅವನು ಹೋದ ಮೇಲೆ ಕಮ್ಮಾರ ಕುಲುಮೆಯಿಂದ ಎದ್ದು ಬಂದು ಅಂಗಳದಲ್ಲಿ ನಿಂತ.

"ಹನ್ನೆರಡು ವರ್ಷ ಸುತ್ತಿಗೆ ಬಡಿದೆ, ಒಬ್ಬನಿಗೂ ಕೇಳ್ಲಿಲ್ಲ. ನಿಮ್ಮ ತಮ್ಮ ಒಂದು ಹಾಳೆ ಬರೆದ, ಶಿವಮೊಗ್ಗದ ತನಕ ಕೇಳ್ತು" ಎಂದ ಅಕ್ಕನಿಗೆ. ನಾನು ಅಲ್ಲೇ ಇದ್ದೆ. ನನ್ನ ಕಡೆ ನೋಡಲಿಲ್ಲ. "ದಮ್ಮಯ್ಯ, ಇನ್ನು ಮೇಲೆ ಆ ಪುಣ್ಯಾತ್ಮನ ಕೈಗೆ ಪೆನ್ನು ಕೊಡಬೇಡಿ."

ಅಕ್ಕನ ಮನೆಗೆ ಮಾತ್ರ ತೆರವು ಮಾಡುವ ನೋಟೀಸು ಬಂತು. ಹೇಳುವುದಿದ್ದರೆ ಸಾಗರದಲ್ಲಿ ಉಪವಿಭಾಗಾಧಿಕಾರಿ ಸಾಹೇಬರ ಮುಂದೆ ವಿಚಾರಣೆಗೆ ಬಂದು ಹೇಳಬಹುದು ಎಂದು ಕೊನೆಯಲ್ಲಿ ಒಂದು ಸಾಲು. ಆ ಒಂದು ಸಾಲನ್ನು ಹಿಡಿದುಕೊಂಡು ನಾನು ಹದಿನೈದು ದಿನ ತಯಾರಿ ಮಾಡಿದೆ. ಮುಳುಗಡೆಯವರ ಹಕ್ಕು, ತಲೆಮಾರಿನ ರೂಢಿ, ಆರು ಮನೆಗಳ ಉದಾಹರಣೆ. ಭಾವ, ಅಕ್ಕ, ನಾನು ಮೂವರೂ ಹೋದೆವು. ಅಕ್ಕ ಮದುವೆಯ ಸೀರೆ ಉಟ್ಟಿದ್ದಳು.

ಸಾಹೇಬರು ನನ್ನ ಮಾತನ್ನು ಪೂರಾ ಕೇಳಿದರು. ಅಡ್ಡ ಬರಲಿಲ್ಲ. ಕಡತ ತಿರುವುತ್ತ ಭಾವನನ್ನು ಕೇಳಿದರು, "ಮುಳುಗಡೆಯವರಾ ನೀವು?"

"ಹೌದು ಸ್ವಾಮಿ."

"ಈ ಜಾಗಕ್ಕೆ ಬಂದದ್ದು ಯಾವಾಗ?" ಭಾವ ಹೇಳಿದರು. ಸಾಹೇಬರು ಬೆರಳು ಮಡಿಚಿ ಎಣಿಸಿದರು. "ಕಾಡಿನ ಹೊಸ ಕಾನೂನು ಬರೋ ಮುಂಚೆನೇ ಬಂದಿದ್ದೀರಿ. ನೋಡಿ, ಗಿರಣಿ ಮಾತು ಬಿಡಿ, ಅದು ಆಗೋದಿಲ್ಲ. ಆದರೆ ಆವಾಗಿನಿಂದ ಅಲ್ಲಿ ಸಾಗುವಳಿ ಮಾಡಿಕೊಂಡು ಬಂದಿದ್ರೆ, ಮುಳುಗಡೆಯವರು ಬೇರೆ, ಮನೆ ಮತ್ತು ಆ ಸಾಗುವಳಿಯಷ್ಟನ್ನ ನಿಮಗೇ ಬಿಡಬೇಕು ಅಂತ ನಾನು ಮೇಲಕ್ಕೆ ಶಿಫಾರಸು ಬರೀಬಹುದಿತ್ತು. ಬೇರೆ ಕೆಲವು ಕಡೆ ಬರೆದಿದ್ದೀನಿ. ಇಲ್ಲಿ ನೀವೇ ಯಾವ ಕಾಲದಲ್ಲೂ ಸಾಗುವಳಿ ಇಲ್ಲ ಅಂತ ಕೊಟ್ಟಿದ್ದೀರಿ. ಮಹಜರೂ ಹಾಗೇ ಇದೆ."

ಅರಳಸುರಳಿಯ ಜಗಲಿಯಲ್ಲಿ ನಾನು ಮುಗಿಸಲು ಬಿಡದ ಮಾತು ಇದು.

"ಶುಂಠಿ ಇತ್ತು ಸ್ವಾಮಿ" ಎಂದಳು ಅಕ್ಕ.

ಸಾಹೇಬರು ತಲೆಯೆತ್ತಿದರು.

"ಮೂರು ವರ್ಷ ಇತ್ತು. ಆರು ಮಡಿ. ನಾನೇ ನೆಟ್ಟಿದ್ದು. ತನಿಖೆಯವರು ಬರೋ ಹಿಂದಿನ ದಿನ ಕಿತ್ತೆ."

ಸಾಹೇಬರು ಅರ್ಜಿಯ ಕೆಳಗಿನ ರುಜುಗಳನ್ನು ನೋಡಿದರು. ಎರಡನೆಯದರ ಮೇಲೆ ಅವರ ಬೆರಳು ನಿಂತದ್ದು ಕಂಡಿತು. ಅವರು ಗದರಲಿಲ್ಲ, ದನಿ ಇನ್ನೂ ತಗ್ಗಿಸಿದರು. "ಅಮ್ಮ ಹೇಳೋದು ನಿಜ ಅಂತಾದ್ರೆ ಅರ್ಜಿ ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಬರೆದದ್ದು, ಗುರುತು ಅಳಿಸಿದ್ದು. ಅದಕ್ಕೆ ಬೇರೆ ಕ್ರಮ ಆಗ್ತದೆ, ರುಜು ಹಾಕಿದವರ ಮೇಲೆ, ಬರೆದವರ ಮೇಲೆ. ಅದನ್ನ ನಾನು ತಪ್ಪಿಸೋಕೆ ಆಗೋದಿಲ್ಲ." ಭಾವನ ಕಡೆ ತಿರುಗಿದರು. "ಯಜಮಾನರೇ, ನೀವು ಹೇಳಿ. ಶುಂಠಿ ಇತ್ತಾ?"

ಭಾವ ನನ್ನನ್ನು ನೋಡಿದರು. ಯಂತ್ರದ ಪಟ್ಟಿ ಎಲ್ಲಿ ಹರಿಯುತ್ತದೆ ಎಂದು ನೋಡುವಾಗಿನ ನೋಟ.

"ಇರ್ಲಿಲ್ಲ ಸ್ವಾಮಿ."

"ಎಂತ ಇರ್ಲಿಲ್ಲ?" ಅಕ್ಕನ ದನಿ ಏರಿತು. "ಹೆಂಚು ಯಾವುದರಲ್ಲಿ ಬಂತು?"

"ಸುಮ್ನಿರು" ಎಂದರು ಭಾವ.

ಸಾಹೇಬರು ಈಗ ನನ್ನನ್ನು ಕೇಳಿದರು. "ನೀವು ಬರೆದವರು. ಕಾನೂನು ಬೇರೆ ಓದ್ತಿದ್ದೀರಿ. ಏನು ಹೇಳ್ತೀರಿ?"

ಪರೀಕ್ಷೆಗೆ ಎರಡು ತಿಂಗಳಿತ್ತು. ಭಾವನ ಮೇಲೂ ಕೇಸಾಗುತ್ತದೆ ಎಂಬ ಕಾರಣ ಒಳ್ಳೆಯ ಕಾರಣವೇ. ನಾನು ಅದನ್ನೇ ಯೋಚಿಸಿದೆ ಎಂದು ಇಲ್ಲಿ ಬರೆಯಬಹುದು, ಯಾರೂ ಅಲ್ಲಗಳೆಯಲಾರರು. ಆದರೆ ಆ ಕೋಣೆಯಲ್ಲಿ ನನಗೆ ಕಂಡದ್ದು ನನ್ನ ರುಜು, ಅದರ ಪಕ್ಕ ನಾನೇ ಸೇರಿಸಿದ ಎರಡು ಪದ.

"ಅರ್ಜಿಯಲ್ಲಿ ಬರೆದದ್ದೇ ಸರಿ ಸಾರ್" ಎಂದೆ.

ಅಕ್ಕ ನಮಗಿಂತ ಮುಂಚೆ ಎದ್ದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಹುಡುಕಿಕೊಂಡಳು, ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಹೋಗಿ ಕೂತಳು.

ಆದೇಶ ಮಳೆಗೆ ಮುಂಚೆ ಬಂತು. ಮಳೆಗಾಲ ಕಳೆಯುವ ತನಕ ಅವಕಾಶ ಕೊಟ್ಟಿದ್ದರು. ಭಾವ ಕಾಯಲಿಲ್ಲ, ಹೆಂಚು ಇಳಿಸಿ, ತೊಲೆ ಬಿಚ್ಚಿ, ಹಳೆಯ ಗಿರಣಿಗೇ ಕೆಲಸಕ್ಕೆ ಹೋದರು. ಉಳಿದ ಆರು ಮನೆಗಳ ಗೋಡೆಯ ಮೇಲೆ ನಂಬರು ಹಾಗೇ ಇವೆ. ಅವರು ಯಾರೂ ಏನನ್ನೂ ಕೇಳಿಲ್ಲ, ಅವರನ್ನೂ ಇನ್ನೂ ಯಾರೂ ಕೇಳಿಲ್ಲ. ನಾನು ಈಗ ವಕೀಲ. ಆ ರಸ್ತೆಯಲ್ಲಿ ಹೋಗುವಾಗ ಬಸ್ಸಿನ ಇನ್ನೊಂದು ಬದಿಗೆ ಕೂರುತ್ತೇನೆ.

ಅಕ್ಕ ಐದನೆಯ ಬಾಡಿಗೆ ಮನೆಗೆ ಹೋದ ವಾರ ನಾನು ನೋಡಲು ಹೋಗಿದ್ದೆ. ಊಟ ಬಡಿಸಿದಳು, ಕೈ ತೊಳೆಯಲು ನೀರು ಕೊಟ್ಟಳು. ಆಮೇಲೆ ಅಕ್ಕಿ ಡಬ್ಬಿಯ ಅಡಿಯಿಂದ ಆ ಆದೇಶದ ಕಾಗದ ತೆಗೆದು ನನ್ನ ಮುಂದಿಟ್ಟಳು. ಅವಳಿಗೆ ಓದಲು ಬರುತ್ತದೆ, ಆದರೆ ಕಚೇರಿಯ ಕನ್ನಡ ಹತ್ತುವುದಿಲ್ಲ.

"ಇದರಲ್ಲಿ ನಾನು ಹೇಳಿದ್ದಕ್ಕೆ ಎಂತ ಬರೆದಿದ್ದಾರೆ ಓದು."

"ಬಿಡಕ್ಕ, ಈಗ ಎಂತಕ್ಕೆ ಅದು."

"ಓದು."

ಎರಡನೇ ಪುಟದ ನಡುವೆ ಇತ್ತು. ಓದಿದೆ: "ಅರ್ಜಿದಾರರ ಪತ್ನಿಯು ಸಾಗುವಳಿ ಇತ್ತೆಂದು ಹೇಳಿಕೆ ನೀಡಿದ್ದು, ಸದರಿ ಹೇಳಿಕೆಯನ್ನು ಆಕೆಯ ಪತಿ ಹಾಗೂ ಸಹೋದರರೇ ನಿರಾಕರಿಸಿರುವುದರಿಂದ ಅದು ನಂಬಲರ್ಹವಲ್ಲ."

"ಇನ್ನೊಂದು ಸಲ ಓದು" ಎಂದಳು ಅಕ್ಕ.

ಓದಿದೆ.